ಮಾತು ಬಾರದ ರೋಗಿಯ ಒಳಗನ್ನು ನೋಡುವ ವಿದ್ಯೆ

(ಸಂಘದ ವಾರ್ಷಿಕ ಸಮಾವೇಶದ ವಿದ್ಯಾರ್ಥಿ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಪಿ.ಯು.ಸಿ. ವಿಜ್ಞಾನದ ಮಕ್ಕಳನ್ನು ಮುಂದೇನು ಎಂದು ಕೇಳಿದರೆ ಸಾಮಾನ್ಯವಾಗಿ ಎರಡೇ ಉತ್ತರ: ಡಾಕ್ಟರ್, ಇಲ್ಲವೇ ಇಂಜಿನಿಯರ್. ಈ ಎರಡೂ ಬಂದು ಸೇರುವ ಒಂದು ಕ್ಷೇತ್ರವನ್ನು ಇಂದು ನಿಮಗೆ ಪರಿಚಯಿಸಬೇಕೆಂದಿದ್ದೇನೆ. ಪ್ರಾಣಿಗಳ ದೇಹರಚನೆಯನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಮೂರು ಆಯಾಮಗಳ ಮಾದರಿಯಾಗಿ ಕಟ್ಟುವ ವಿದ್ಯೆ ಅದು. ಪಶುವೈದ್ಯ ಶಿಕ್ಷಣದಲ್ಲೂ ಚಿಕಿತ್ಸೆಯಲ್ಲೂ ಅದಕ್ಕೆ ಈಗ ಒಂದು ಸ್ಥಾನವಿದೆ.

ಮನುಷ್ಯನಿಗೆ ಕಾಯಿಲೆಯಾದರೆ ಇಲ್ಲಿ ನೋಯುತ್ತಿದೆ ಎಂದು ಕೈಯಿಟ್ಟು ತೋರಿಸುತ್ತಾನೆ. ಹಸು ಮೇವು ಬಿಡುತ್ತದೆ, ಬೆನ್ನು ಬಾಗಿಸಿ ನಿಲ್ಲುತ್ತದೆ, ನಡೆಯಲು ಹಿಂಜರಿಯುತ್ತದೆ. ಅಷ್ಟೇ ಅದರ ಭಾಷೆ. ಬಾಯಾರಿದ ನಾಯಿಗೆ ಬಾವಿಗಿಳಿದು ನೀರು ತಂದು ಕುಡಿಸಿದವನಿಗೆ ಕ್ಷಮೆ ದೊರೆತ ಹದೀಸ್ ನಿಮಗೆಲ್ಲ ಗೊತ್ತು. ಪ್ರಾಣಿಯ ಬಾಯಾರಿಕೆ ಹೊರಗಿನಿಂದಲೇ ಕಾಣುತ್ತದೆ. ಆದರೆ ಒಳಗಿನ ನೋವನ್ನು ಅರಿಯಬೇಕಾದರೆ ಕರುಣೆಯ ಜೊತೆಗೆ ವಿದ್ಯೆಯೂ ಬೇಕು.

ಈ ವಿದ್ಯೆ ನಮಗೆ ಹೊಸದಲ್ಲ. ಅರಬಿಯಲ್ಲಿ ಪಶುವೈದ್ಯಕ್ಕೆ 'ಬೈತರಾ' ಎಂಬ ಹೆಸರಿದೆ, ಪಶುವೈದ್ಯನು 'ಬೈತಾರ್'. ಒಂಬತ್ತನೆಯ ಶತಮಾನದಲ್ಲಿ ಅಬ್ಬಾಸಿ ಖಲೀಫರ ಆಡಳಿತದಲ್ಲಿದ್ದ ಇಬ್ನ್ ಅಖೀ ಹಿಝಾಮ್ ಕುದುರೆ ಸವಾರಿ ಮತ್ತು ಕುದುರೆ ಚಿಕಿತ್ಸೆಯ ಬಗ್ಗೆ ಗ್ರಂಥ ಬರೆದರು. ಹದಿನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮಮ್ಲೂಕ್ ಸುಲ್ತಾನ ಅನ್ನಾಸಿರ್ ಮುಹಮ್ಮದನ ಪಶುವೈದ್ಯರಾಗಿದ್ದ ಅಬೂಬಕ್ರ್ ಅಲ್‌ಬೈತಾರ್ ಇನ್ನೂ ವಿಸ್ತಾರವಾದ ಗ್ರಂಥ ರಚಿಸಿದರು. ಮುಂದೆ ಯುರೋಪಿನಲ್ಲಿ 1598ರಲ್ಲಿ ಇಟಲಿಯ ಕಾರ್ಲೋ ರುಯೀನಿ ಮತ್ತು 1766ರಲ್ಲಿ ಇಂಗ್ಲೆಂಡಿನ ಚಿತ್ರಕಾರ ಜಾರ್ಜ್ ಸ್ಟಬ್ಸ್ ಕುದುರೆಯ ಅಂಗರಚನೆಯ ಚಿತ್ರಗಳನ್ನು ಪ್ರಕಟಿಸಿದರು. ಹಿಂದಿನವರ ಹೆಸರು ಹೇಳಿ ಹೆಮ್ಮೆಪಟ್ಟು ಮನೆಗೆ ಹೋಗಲು ಇದನ್ನು ಹೇಳುತ್ತಿಲ್ಲ. ಪ್ರತಿ ಕಾಲದವರೂ ತಮ್ಮ ಕೈಗೆ ಸಿಕ್ಕ ಸಾಧನದಿಂದ ಈ ವಿದ್ಯೆಯನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ದಿದ್ದಾರೆ. ನಮ್ಮ ಕಾಲದ ಸಾಧನ ಯಾವುದು ಎಂಬುದೇ ಪ್ರಶ್ನೆ.

ಚಿತ್ರ ಎಷ್ಟೇ ಸೊಗಸಾಗಿದ್ದರೂ ಕಾಗದ ಚಪ್ಪಟೆ. ಇದರಿಂದ ಏನು ತೊಂದರೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಗೆ ನಾಲ್ಕು ಕೋಣೆಗಳು. ಎರಡನೆಯದು ರೆಟಿಕ್ಯುಲಂ, ಅದರ ಒಳಗೋಡೆ ಜೇನುಗೂಡಿನಂತಿರುತ್ತದೆ. ಬಕ್ರೀದ್ ದಿನ ಬೋಟಿ ತೊಳೆದ ನಮ್ಮ ತಾಯಂದಿರಿಗೆ ಈ ಭಾಗ ಚೆನ್ನಾಗಿ ಗೊತ್ತು. ಹಸು ಮೇವನ್ನು ಸರಿಯಾಗಿ ಅಗಿಯದೆ ನುಂಗುವುದರಿಂದ ಮೇವಿನಲ್ಲಿದ್ದ ತಂತಿ, ಮೊಳೆ ಕೂಡ ಒಳಗೆ ಹೋಗಿ ಈ ಕೋಣೆಯಲ್ಲಿ ನಿಲ್ಲುತ್ತವೆ. ಅದರ ಗೋಡೆ ಹಿಂಡಿದಾಗ ತಂತಿ ಚುಚ್ಚಿಕೊಂಡು ಮುಂದೆ ಸರಿಯುತ್ತದೆ. ಮುಂದೆ ಇರುವುದು ವಪೆ. ವಪೆಯ ಆಚೆಗೇ ಹೃದಯ. ಹೊಟ್ಟೆಗೆ ಹೋದ ತಂತಿ ಹೃದಯದ ಪೊರೆಗೆ ಚುಚ್ಚಿ ಹಸು ಸಾಯುವುದು ಹೀಗೆ.

ಪುಸ್ತಕದಲ್ಲಿ ಹೊಟ್ಟೆಯ ಚಿತ್ರ ಒಂದು ಅಧ್ಯಾಯದಲ್ಲಿ, ಹೃದಯದ ಚಿತ್ರ ಮತ್ತೊಂದರಲ್ಲಿ. ಇವೆರಡೂ ನೆರೆಮನೆಯವರು ಎಂಬುದು ಪುಟಗಳ ನಡುವೆ ತಪ್ಪಿಹೋಗುತ್ತದೆ. ಮೂರು ಆಯಾಮದ ಮಾದರಿಯಲ್ಲಿ ಪಕ್ಕೆಲುಬುಗಳನ್ನು ಸರಿಸಿ, ವಪೆಯನ್ನು ಪಾರದರ್ಶಕ ಮಾಡಿ, ದೇಹವನ್ನು ತಿರುಗಿಸಿ ನೋಡಿದರೆ ವಿದ್ಯಾರ್ಥಿಗೆ ಅದು ಮರೆಯುವುದಿಲ್ಲ. ಇಂಥ ಹಸುವಿಗೆ ವೈದ್ಯರು ಅಯಸ್ಕಾಂತದ ತುಂಡನ್ನು ಏಕೆ ನುಂಗಿಸುತ್ತಾರೆ ಎಂಬುದೂ ಆಗ ತಾನಾಗಿ ಅರ್ಥವಾಗುತ್ತದೆ: ಅದು ಅದೇ ಕೋಣೆಯಲ್ಲಿ ಕುಳಿತು ಕಬ್ಬಿಣವನ್ನು ಹಿಡಿದಿಡುತ್ತದೆ.

ಇಂಥ ಮಾದರಿ ಹೇಗೆ ತಯಾರಾಗುತ್ತದೆ? ಇದರ ಮೂಲ ಸಿ.ಟಿ. ಸ್ಕ್ಯಾನ್. ಇಂಗ್ಲೆಂಡಿನ ಇಂಜಿನಿಯರ್ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ತನ್ನ ಮೊದಲ ಯಂತ್ರವನ್ನು ಹಳೆಯ ಲೇತ್ ಯಂತ್ರದ ಹಾಸಿನ ಮೇಲೆ ಜೋಡಿಸಿದರು. ಒಂದು ಚಿತ್ರಕ್ಕೆ ಬೇಕಾದ 28,000 ಅಳತೆಗಳನ್ನು ತೆಗೆಯಲು ಒಂಬತ್ತು ದಿನ ಹಿಡಿಯಿತು! ಆರಂಭದ ಪರೀಕ್ಷೆಗಳಲ್ಲಿ ಅವರು ಬಳಸಿದ್ದರಲ್ಲಿ ಎತ್ತಿನ ಮೆದುಳೂ ಇತ್ತು. 1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಮೊದಲ ರೋಗಿಯ ಸ್ಕ್ಯಾನ್ ನಡೆಯಿತು. 1979ರಲ್ಲಿ ಅವರಿಗೂ ಅಲನ್ ಕಾರ್ಮ್ಯಾಕ್ ಅವರಿಗೂ ನೊಬೆಲ್ ಪ್ರಶಸ್ತಿ ಬಂತು.

ಸಿ.ಟಿ. ಯಂತ್ರವು ದೇಹವನ್ನು ಬ್ರೆಡ್ಡಿನ ಹೋಳುಗಳಂತೆ ತೆಳ್ಳಗೆ ತೋರಿಸುತ್ತದೆ. ಪ್ರತಿ ಹೋಳಿನ ಪ್ರತಿ ಚುಕ್ಕೆಗೂ ಒಂದು ಸಂಖ್ಯೆ: ನೀರಿಗೆ 0, ಗಾಳಿಗೆ ಮೈನಸ್ 1000, ಗಟ್ಟಿ ಮೂಳೆಗೆ ಸುಮಾರು 1000 ಅಥವಾ ಅದಕ್ಕೂ ಹೆಚ್ಚು. ಮೂಳೆಯ ಸಂಖ್ಯೆ ಬೇರೆಯೇ ಆದ್ದರಿಂದ ಅದನ್ನು ಕಂಪ್ಯೂಟರ್ ಸುಲಭವಾಗಿ ಬೇರ್ಪಡಿಸುತ್ತದೆ. ಆದರೆ ಪಿತ್ತಜನಕಾಂಗ, ಗುಲ್ಮ, ಸ್ನಾಯು ಇವುಗಳ ಸಂಖ್ಯೆಗಳು ಹತ್ತಿರ ಹತ್ತಿರ. ಇಲ್ಲಿ ಒಂದು ಅಂಗ ಮುಗಿದು ಇನ್ನೊಂದು ಶುರುವಾಗುವುದು ಎಲ್ಲಿ ಎಂದು ಹೋಳು ಹೋಳಿಗೂ ಅಂಚು ಗುರುತಿಸಬೇಕು. ಈಗ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಈ ಕೆಲಸದಲ್ಲಿ ನೆರವಾಗುತ್ತವೆ. ಅವು ಎಳೆದ ಗೆರೆ ಸರಿಯೋ ತಪ್ಪೋ ಎಂದು ಹೇಳಬೇಕಾದವರು ಮಾತ್ರ ಅಂಗರಚನೆ ಬಲ್ಲವರೇ. ಗುರುತಿಸಿದ ಅಂಚುಗಳನ್ನು ಒಂದರ ಮೇಲೊಂದು ಜೋಡಿಸಿದಾಗ ಅಂಗದ ಮಾದರಿ ಸಿದ್ಧವಾಗುತ್ತದೆ.

ಇದರ ಪ್ರಯೋಜನ ತರಗತಿಗೆ ಮಾತ್ರ ಸೀಮಿತವಲ್ಲ. ನಾಯಿಯ ಕಾಲಿನ ಮೂಳೆ ಸೊಟ್ಟಗೆ ಬೆಳೆದಿದ್ದರೆ, ಸ್ಕ್ಯಾನ್ ಮಾಡಿ ಅದೇ ಅಳತೆಯ ಮೂಳೆಯನ್ನು ತ್ರೀ-ಡಿ ಪ್ರಿಂಟರಿನಲ್ಲಿ ಪ್ಲಾಸ್ಟಿಕ್ಕಿನಿಂದ ಅಚ್ಚು ಮಾಡುತ್ತಾರೆ. ವೈದ್ಯರು ಎಲ್ಲಿ ಕತ್ತರಿಸಬೇಕು, ಲೋಹದ ಪಟ್ಟಿಯನ್ನು ಹೇಗೆ ಬಾಗಿಸಬೇಕು ಎಂಬುದನ್ನು ಮೊದಲು ಅದರ ಮೇಲೆ ನೋಡಿಕೊಳ್ಳುತ್ತಾರೆ. ಅರಿವಳಿಕೆಯಲ್ಲಿ ಪ್ರಾಣಿ ಇರಬೇಕಾದ ಹೊತ್ತು ಇದರಿಂದ ಕಡಿಮೆಯಾಗುತ್ತದೆ.

ಮಿತಿಗಳನ್ನೂ ಹೇಳಬೇಕು. ಬೆಳೆದ ಹಸು ಸಾಮಾನ್ಯ ಸಿ.ಟಿ. ಯಂತ್ರದೊಳಗೆ ಹಿಡಿಯುವುದಿಲ್ಲ. ಪ್ರಾಣಿ ಅಲುಗಾಡದಿರಲು ಸಾಮಾನ್ಯವಾಗಿ ಅರಿವಳಿಕೆ ಬೇಕು. ಖರ್ಚೂ ಹೆಚ್ಚು. ಹಳ್ಳಿಯ ಕೊಟ್ಟಿಗೆಯಲ್ಲಿ ವೈದ್ಯನ ಕೈ, ಕಿವಿ, ಸ್ಟೆತಾಸ್ಕೋಪುಗಳೇ ಇಂದಿಗೂ ಮುಖ್ಯ. ಹಸುವಿನ ಗರ್ಭವನ್ನು ಗುದದ ಮೂಲಕ ಕೈ ಹಾಕಿ ತಡವಿ ತಿಳಿಯುವುದನ್ನು ಪರದೆ ನೋಡಿ ಕಲಿಯಲಾಗದು. ಈ ಕೊರತೆಗೂ ಒಬ್ಬ ಪಶುವೈದ್ಯೆ ದಾರಿ ಹುಡುಕಿದರು. ಬ್ರಿಟನ್ನಿನ ಸಾರಾ ಬೈಲಿ 2000ರ ದಶಕದಲ್ಲಿ 'ಹ್ಯಾಪ್ಟಿಕ್ ಕೌ' ಎಂಬ ಸಾಧನ ರೂಪಿಸಿದರು. ಅದರಲ್ಲಿ ವಿದ್ಯಾರ್ಥಿಯ ಬೆರಳಿಗೆ ಯಂತ್ರವು ಅಂಗದ ಸ್ಪರ್ಶವನ್ನು ಕೊಡುತ್ತದೆ. ಬೆರಳು ಎಲ್ಲಿದೆ ಎಂಬುದನ್ನು ಅಧ್ಯಾಪಕರು ಪರದೆಯಲ್ಲಿ ನೋಡಿ ತಿದ್ದುತ್ತಾರೆ. ನಮ್ಮ ವಿದ್ಯಾರ್ಥಿನಿಯರು ಈ ಹೆಸರನ್ನು ನೆನಪಿಡಬೇಕು.

ಇನ್ನೊಂದು ಮಿತಿ ಬಹಳ ಮುಖ್ಯ. ಒಂದು ಪ್ರಾಣಿಯನ್ನು ಸ್ಕ್ಯಾನ್ ಮಾಡಿ ಕಟ್ಟಿದ ಮಾದರಿ ಆ ಒಂದು ಪ್ರಾಣಿಯದು. ಹೊರದೇಶದ ಹಸುವಿನ ಮಾದರಿಯಲ್ಲಿ ನಮ್ಮ ಹಳ್ಳಿಕಾರ್, ದೇವಣಿ ತಳಿಗಳ ಹಿಣಿಲು ಇರುವುದಿಲ್ಲ. ನಮ್ಮ ಮಲೆನಾಡು ಗಿಡ್ಡದ ಗಾತ್ರ, ಬನ್ನೂರು ಕುರಿಯ ಮೈಕಟ್ಟು ಬೇರೆಯವರ ಮಾದರಿಯಿಂದ ತಿಳಿಯುವುದಿಲ್ಲ. ನಮ್ಮ ಪ್ರಾಣಿಗಳ ಮಾದರಿ ಬೇಕಾದರೆ ಅದನ್ನು ನಾವೇ ಮಾಡಬೇಕು.

'ನಾವು' ಎಂದರೆ ಯಾರು? ನಮ್ಮ ಸಮುದಾಯದ ಎಷ್ಟೋ ಕುಟುಂಬಗಳು ಕುರಿ ಮೇಕೆ ವ್ಯಾಪಾರ, ಮಾಂಸದ ಅಂಗಡಿ, ಕೋಳಿ ಸಾಕಣೆ, ಹಾಲಿನ ಕಸುಬಿನಲ್ಲಿವೆ. ಕುರಿಯ ಹಲ್ಲು ನೋಡಿ ವಯಸ್ಸು ಹೇಳಬಲ್ಲ, ಯಾವ ಅಂಗ ಎಲ್ಲಿದೆ ಎಂದು ಕಣ್ಣಾರೆ ಕಂಡ ಮಕ್ಕಳು ನಮ್ಮ ಮನೆಗಳಲ್ಲಿದ್ದಾರೆ. ಆ ಮಗು ತನ್ನ ತಂದೆಯ ಕಸುಬನ್ನು ಶಾಲೆಯಲ್ಲಿ ಹೇಳಲು ಸಂಕೋಚಪಡುತ್ತದೆ. ಆ ಅರಿವು ಸಂಕೋಚದ ವಿಷಯವಲ್ಲ, ಅಂಗರಚನಾ ಶಾಸ್ತ್ರದ ಮೊದಲ ಪಾಠ ಎಂದು ಅದಕ್ಕೆ ಹೇಳಬೇಕಾದವರು ನಾವು. ಪೋಷಕರೇ, 'ದನದ ಡಾಕ್ಟರ್' ಎಂದು ನಗುವುದನ್ನು ದಯವಿಟ್ಟು ಬಿಡಿ. ನಾವು ಕುಡಿಯುವ ಹಾಲು, ತಿನ್ನುವ ಮಾಂಸ ಆರೋಗ್ಯಕರವಾಗಿರುವುದು ಆ ಡಾಕ್ಟರರಿಂದ.

ವಿದ್ಯಾರ್ಥಿಗಳೇ, ಬೀದರಿನ ಪಶುವೈದ್ಯ ವಿಶ್ವವಿದ್ಯಾನಿಲಯದ ಅಡಿಯಲ್ಲಿ ಬೀದರ್, ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ ಮುಂತಾದೆಡೆ ಕಾಲೇಜುಗಳಿವೆ. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಪದವಿ. ಕಂಪ್ಯೂಟರಿನಲ್ಲಿ ಆಸಕ್ತಿಯಿರುವವರು '3ಡಿ ಸ್ಲೈಸರ್', 'ಬ್ಲೆಂಡರ್' ಎಂಬ ತಂತ್ರಾಂಶಗಳನ್ನು ಇಂದೇ ಕಲಿಯತೊಡಗಬಹುದು. ಎರಡೂ ಉಚಿತ. ಸ್ಲೈಸರಿನಲ್ಲಿ ಅಭ್ಯಾಸಕ್ಕೆಂದೇ ಮಾದರಿ ಸ್ಕ್ಯಾನ್‌ಗಳೂ ಸಿಗುತ್ತವೆ. ಸಂಘದ ಹಿರಿಯರಲ್ಲಿ ನನ್ನ ವಿನಂತಿ: ಪ್ರತಿವರ್ಷ ನೀವು ಕೊಡುವ ವಿದ್ಯಾರ್ಥಿವೇತನಗಳಲ್ಲಿ ಒಂದನ್ನಾದರೂ ಪಶುವೈದ್ಯ ಓದುವ ಮಗುವಿಗೆ ಮೀಸಲಿಡಿ, ಸಂಘದ ಕಂಪ್ಯೂಟರ್ ಕೊಠಡಿಯಲ್ಲಿ ಈ ತಂತ್ರಾಂಶಗಳನ್ನು ಹಾಕಿಸಿ.

ಮಾತು ಬಾರದ ಜೀವಿಗಳ ನೋವನ್ನು ಅರಿಯುವ ಜ್ಞಾನವನ್ನೂ ಅದನ್ನು ಪ್ರಾಮಾಣಿಕವಾಗಿ ಬಳಸುವ ಮನಸ್ಸನ್ನೂ ಅಲ್ಲಾಹನು ನಮ್ಮ ಮಕ್ಕಳಿಗೆ ಅನುಗ್ರಹಿಸಲಿ ಎಂದು ಪ್ರಾರ್ಥಿಸುತ್ತಾ ನನ್ನ ಮಾತು ಮುಗಿಸುತ್ತೇನೆ. ಆಮೀನ್. ವಸ್ಸಲಾಮ್.