ಅನಾವೃಷ್ಟಿಯಲ್ಲಿ ಮನೆಯ ತೋಟ



ಬರಗಾಲದಲ್ಲಿ ಅಧಿಕಮಾಸವೆಂಬ ಗಾದೆಯನ್ನು ತಾವೆಲ್ಲರೂ ಕೇಳಿರುವಿರಿ. 2023ನೆಯ ಇಸವಿಯಲ್ಲಿ ಈ ಗಾದೆ ಅಕ್ಷರಶಃ ನಿಜವಾಯಿತು. ಆ ವರ್ಷ ಅಧಿಕ ಶ್ರಾವಣವೂ ಬಂದಿತು, ಬರವೂ ಬಂದಿತು. 1901ರಿಂದ ಈಚೆಗೆ ನಮ್ಮ ದೇಶವು ಅಷ್ಟು ಮಳೆಗೆಟ್ಟ ಆಗಸ್ಟ್ ತಿಂಗಳನ್ನು ಕಂಡಿರಲಿಲ್ಲ. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದುವು. 2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಅನೇಕ ಕೊಳವೆ ಬಾವಿಗಳು ಬತ್ತಿಹೋಗಲು, ಕುಡಿಯುವ ನೀರನ್ನು ಕೈತೋಟಕ್ಕೆ ಹಾಯಿಸಕೂಡದೆಂದೂ, ಹಾಯಿಸಿದವರಿಗೆ 5000 ರೂಪಾಯಿ ದಂಡವೆಂದೂ ನಗರದ ಜಲಮಂಡಲಿಯು ಆಜ್ಞೆ ಮಾಡಬೇಕಾಯಿತು.

ಇಂಥ ಸಮಯದಲ್ಲಿ ಗಿಡಗಳ ಮಾತೇಕೆ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ಅನುಚಿತವೇನೂ ಅಲ್ಲ. ಬೀದಿಯ ಕೊನೆಯಲ್ಲಿ ಹೆಣ್ಣುಮಕ್ಕಳು ಬರಿಯ ಕೊಡಗಳನ್ನಿಟ್ಟುಕೊಂಡು ಸಾಲಿನಲ್ಲಿ ನಿಂತಿರುವಾಗ, ಕಾಂಪೌಂಡಿನೊಳಗೆ ಹುಲ್ಲಿನ ಮೇಲೆ ನೀರು ಚಿಮ್ಮುತ್ತಿರುವುದು ನೋಡತಕ್ಕ ದೃಶ್ಯವಲ್ಲ. ದುಡ್ಡು ಕೊಟ್ಟು ತರಿಸಿದ ಟ್ಯಾಂಕರಿನ ನೀರಾದರೂ ಯಾವುದೋ ಊರಿನ ಅಂತರ್ಜಲವೇ ಹೊರತು ಆಕಾಶದಿಂದ ಇಳಿದದ್ದಲ್ಲ. ಆದರೆ ಹತ್ತು ಹದಿನೈದು ವರ್ಷ ಸಾಕಿದ ಒಂದು ಸಂಪಿಗೆಯ ಮರವೋ ಮಾವಿನ ಮರವೋ ಒಣಗಿಹೋದರೆ, ಮಳೆ ಬಂದ ಮಾರನೆಯ ದಿನ ಅದನ್ನು ಅಂಗಡಿಯಿಂದ ಕೊಂಡುತರಲು ಸಾಧ್ಯವಿಲ್ಲ. ಈ ಎರಡು ಮಾತುಗಳೂ ನಿಜ. ಎರಡಕ್ಕೂ ನ್ಯಾಯ ದೊರಕಿಸುವ ಮಾರ್ಗವೊಂದಿದೆ. ಅದೇನೆಂದರೆ, ಬರದಲ್ಲಿ ಯಾವುದನ್ನು ಕೈಬಿಡಬೇಕೆಂಬುದನ್ನು ಮೊದಲು ನಿಶ್ಚಯಿಸಿ, ಉಳಿಸಬೇಕಾದವನ್ನು ಮನೆಯಲ್ಲಿ ಒಮ್ಮೆ ಬಳಸಿದ ನೀರಿನಿಂದಲೇ ಉಳಿಸಿಕೊಳ್ಳುವುದು.

ಕೈಬಿಡತಕ್ಕವುಗಳಲ್ಲಿ ಮೊದಲನೆಯದು ಹುಲ್ಲುಹಾಸು. ಒಂದು ಮಿಲಿಮೀಟರ್ ನೀರು ಒಂದು ಚದರ ಮೀಟರ್ ನೆಲದ ಮೇಲೆ ನಿಂತರೆ ಸರಿಯಾಗಿ ಒಂದು ಲೀಟರಾಗುತ್ತದೆ. ಬೇಸಗೆಯಲ್ಲಿ ಹುಲ್ಲು ಹಸುರಾಗಿಯೇ ಇರಬೇಕಾದರೆ ದಿನಕ್ಕೆ ಸುಮಾರು 4 ಮಿಲಿಮೀಟರಿನಷ್ಟಾದರೂ ನೀರು ಬೇಕು. 100 ಚದರ ಮೀಟರ್ ಹುಲ್ಲಿಗೆ ದಿನವೊಂದಕ್ಕೆ 400 ಲೀಟರಾಯಿತು. ನಗರವಾಸಿಯೊಬ್ಬನಿಗೆ ದಿನಕ್ಕೆ 135 ಲೀಟರ್ ಎಂಬುದು ನಮ್ಮ ದೇಶದಲ್ಲಿ ಒಪ್ಪಿಕೊಂಡಿರುವ ಪ್ರಮಾಣ. ಎಂದಮೇಲೆ ಆ ಹುಲ್ಲು ಮೂವರ ಪಾಲನ್ನು ಕುಡಿಯುತ್ತದೆ. ಅದು ಗರಿಕೆಯ ಜಾತಿಯದಾದರೆ ವ್ಯಸನಪಡಬೇಕಾಗಿಯೂ ಇಲ್ಲ. ಮೇಲೆ ಕಂದಿಹೋದರೂ ನೆಲದೊಳಗಿನ ಕಾಂಡ ಜೀವ ಹಿಡಿದುಕೊಂಡಿದ್ದು, ಮಳೆ ಬಿದ್ದೊಡನೆ ಚಿಗುರುತ್ತದೆ. ಎರಡನೆಯದಾಗಿ ಚೆಂಡುಹೂವು, ಜಿನಿಯಾ, ಕರ್ಣಕುಂಡಲ ಮೊದಲಾದ ಒಂದು ಋತುವಿನ ಗಿಡಗಳನ್ನು ಬಿಡಬಹುದು. ಅವುಗಳ ಬೀಜವನ್ನು ಕಾಗದದಲ್ಲಿ ಕಟ್ಟಿಟ್ಟರೆ ತೋಟವು ಆ ಪೊಟ್ಟಣದಲ್ಲಿಯೇ ಉಳಿದಂತೆ.

ಉಳಿಸಬೇಕಾದವುಗಳಲ್ಲಿ ಅಗ್ರಸ್ಥಾನವು ನೆಟ್ಟು ಎರಡು ಮೂರು ವರ್ಷ ತುಂಬದ ಮರದ ಸಸಿಗಳಿಗೆ ಸಲ್ಲಬೇಕು. ಅವುಗಳ ಬೇರು ಇನ್ನೂ ಆಳಕ್ಕೆ ಇಳಿದಿರುವುದಿಲ್ಲ. ಆಮೇಲೆ ಸಂಪಿಗೆಯಂತೆ ತೇವವನ್ನು ಬಯಸುವ ದೊಡ್ಡ ಮರಗಳು. ಅನಂತರ ಕರಿಬೇವು, ನಿಂಬೆ, ಮಲ್ಲಿಗೆಗಳು. ಇವು ಸ್ವಲ್ಪ ಬಾಯಾರಿದರೂ ತಾಳುತ್ತವೆ. ಕಣಗಿಲೆ, ಕಾಗದದ ಹೂವು, ಬೇವು, ಹೊಂಗೆ ಇವು ಬೇರೂರಿದ್ದರೆ ಬಹುಮಟ್ಟಿಗೆ ತಮ್ಮ ಯೋಗಕ್ಷೇಮವನ್ನು ತಾವೇ ನೋಡಿಕೊಳ್ಳುತ್ತವೆ. ದೇವಕಣಗಿಲೆಯು ಬೇಸಗೆಯಲ್ಲಿ ಎಲೆಯೆಲ್ಲವನ್ನೂ ಉದುರಿಸಿ ಬೋಳಾಗಿ ನಿಲ್ಲುವುದು ಸಾವಿನ ಗುರುತಲ್ಲ, ಅದರ ಸ್ವಭಾವ. ಯಾವ ಗಿಡದಲ್ಲಿಯೇ ಆಗಲಿ ಸಂಶಯ ತೋರಿದರೆ ಉಗುರಿನಿಂದ ತೊಗಟೆಯನ್ನು ಕೊಂಚ ಕೆರೆದು ನೋಡತಕ್ಕದ್ದು. ಒಳಗೆ ಹಸುರಿದ್ದರೆ ಜೀವವಿದೆ.

ಇನ್ನು, ಗಿಡಕ್ಕೆ ಹಾಕಿದ ನೀರು ಎಲ್ಲಿ ಹೋಗುತ್ತದೆಂಬುದನ್ನು ವಿಚಾರಿಸೋಣ. ಬೇರು ಹೀರಿದ ನೀರಿನಲ್ಲಿ 100ಕ್ಕೆ 95 ಪಾಲಿಗಿಂತಲೂ ಹೆಚ್ಚು, ಎಲೆಗಳ ಸೂಕ್ಷ್ಮರಂಧ್ರಗಳ ಮೂಲಕ ಆವಿಯಾಗಿ ಗಾಳಿಗೆ ಸೇರುತ್ತದೆ. ಅದಲ್ಲದೆ ಬಿಸಿಲಿಗೆ ತೆರೆದ ನೆಲವೂ ತನ್ನ ತೇವವನ್ನು ಬಿಟ್ಟುಕೊಡುತ್ತದೆ. ಎಲೆಯ ವ್ಯಾಪಾರವನ್ನು ನಾವು ಹೆಚ್ಚಾಗಿ ತಡೆಯಲಾರೆವು; ನೆಲದ ನಷ್ಟವನ್ನು ಮಾತ್ರ ಖಂಡಿತವಾಗಿ ತಡೆಯಬಲ್ಲೆವು. ಗಿಡದ ಪಾತಿಯ ಮೇಲೆ ಒಣಗಿದ ಎಲೆ, ಹುಲ್ಲು, ತೆಂಗಿನ ನಾರು, ಸಿಪ್ಪೆ, ಕೈಗೆ ಸಿಕ್ಕಿದ್ದನ್ನು 3 ಅಥವಾ 4 ಅಂಗುಲ ದಪ್ಪಕ್ಕೆ ಹೊದಿಸಬೇಕು. ಕಾಂಡದ ಸುತ್ತ ನಾಲ್ಕು ಬೆರಳಗಲ ಜಾಗವನ್ನು ಬಿಟ್ಟಿರಬೇಕು. ಇಲ್ಲದಿದ್ದರೆ ತೊಗಟೆ ಕೊಳೆಯುವುದು, ಗೆದ್ದಲು ಹತ್ತುವುದು. ನಮ್ಮ ಬಡಾವಣೆಗಳಲ್ಲಿ ಬೆಳಗಾದರೆ ತರಗೆಲೆಯನ್ನು ಗುಡಿಸಿ ಬೆಂಕಿ ಹಚ್ಚುವ ಪದ್ಧತಿಯುಂಟು. ಬರದ ವರ್ಷ ಹಾಗೆ ಮಾಡುವುದೆಂದರೆ ನೆಲದ ಹೊದಿಕೆಯನ್ನೇ ಸುಟ್ಟಂತೆ. ಪಾತಿಯಲ್ಲಿನ ಕಳೆಯನ್ನು ಕಿತ್ತು, ಆ ಕಳೆಯನ್ನೇ ಒಣಗಿಸಿ ಹೊದಿಸಿದರೆ ಎರಡು ಕೆಲಸವಾಗುತ್ತದೆ.

ನೀರೆರೆಯುವುದರಲ್ಲಿಯೂ ಕ್ರಮವಿದೆ. ದಿನವೂ ಎರಡು ಚೊಂಬು ನೀರನ್ನು ಮೇಲೆ ಮೇಲೆ ಚಿಮುಕಿಸಿದರೆ ಒಂದೆರಡು ಅಂಗುಲ ಮಣ್ಣು ನೆನೆದು ಮಧ್ಯಾಹ್ನದೊಳಗೆ ಒಣಗುತ್ತದೆ. ಬೇರುಗಳೂ ಆ ತೇವವನ್ನು ನೆಚ್ಚಿ ಮೇಲ್ಗಡೆಯಲ್ಲಿಯೇ ಉಳಿಯುತ್ತವೆ. ಅದೇ ನೀರನ್ನು ನಾಲ್ಕು ದಿನಕ್ಕೊಮ್ಮೆ ಒಂದು ಬಿಂದಿಗೆಯಾಗಿ ನಿಧಾನವಾಗಿ ಇಂಗಿಸಿದರೆ ಅದು ಅಡಿಯಾಳಕ್ಕೆ ಇಳಿದು ಬೇರನ್ನು ತನ್ನೊಡನೆ ಕೆಳಕ್ಕೆ ಕರೆದೊಯ್ಯುತ್ತದೆ. ಸೂರ್ಯೋದಯಕ್ಕೆ ಮೊದಲು ಎರೆಯುವುದು ಉತ್ತಮ, ಸಂಜೆ ಮಧ್ಯಮ. ದೊಡ್ಡ ಮರಕ್ಕೆ ಬುಡದಲ್ಲಿ ಸುರಿಯುವುದರಿಂದ ಪ್ರಯೋಜನ ಸ್ವಲ್ಪ. ಕೊಂಬೆಗಳ ನೆರಳು ಎಲ್ಲಿಯವರೆಗೆ ಹರಡಿದೆಯೋ ಆ ಅಂಚಿನ ಸುತ್ತ ನೀರುಣ್ಣುವ ಸಣ್ಣ ಬೇರುಗಳು ಹೇರಳವಾಗಿರುತ್ತವೆ, ಅಲ್ಲಿ ಎರೆಯಬೇಕು.

ಶಿವಾಲಯದಲ್ಲಿ ಲಿಂಗದ ಮೇಲೆ ತೂಗುಹಾಕಿದ ಧಾರಾಪಾತ್ರೆಯನ್ನು ಎಲ್ಲರೂ ಬಲ್ಲೆವು. ಅದರ ತಳದ ಸಣ್ಣ ರಂಧ್ರದಿಂದ ನೀರು ತೊಟ್ಟುತೊಟ್ಟಾಗಿ ಇಳಿಯುತ್ತದೆ. ಹನಿ ನೀರಾವರಿಯೆಂದು ಹೇಳುವುದರ ತತ್ತ್ವವೂ ಅಷ್ಟೆ. ಮೆರುಗು ಹಾಕದ ಮಣ್ಣಿನ ಕುಡಿಕೆಯೊಂದನ್ನು ಸಸಿಯ ಪಕ್ಕದಲ್ಲಿ ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಸೊಳ್ಳೆ ಸೇರದಂತೆ ಬಾಯಿ ಮುಚ್ಚಿದರೆ ಇನ್ನೂ ಚೆನ್ನು. ಸುತ್ತಲ ಮಣ್ಣು ಒಣಗಿದಂತೆಲ್ಲ ಕುಡಿಕೆಯ ಮೈಯಿಂದ ನೀರು ತಾನಾಗಿ ಒಸರುತ್ತದೆ. ಸುಮಾರು 2000 ವರ್ಷಗಳ ಹಿಂದಿನ ಚೀನಾ ದೇಶದ ಕೃಷಿಗ್ರಂಥವೊಂದರಲ್ಲಿ ಈ ಉಪಾಯದ ವಿವರಣೆಯಿದೆ.

ಇಷ್ಟಕ್ಕೆ ನೀರು ಎಲ್ಲಿಂದ? ನಾಲ್ವರ ಸಂಸಾರದಲ್ಲಿ ಒಬ್ಬೊಬ್ಬರು ಒಂದು ಬಕೆಟ್ಟು, ಎಂದರೆ 15 ಲೀಟರಿನಲ್ಲಿ ಸ್ನಾನ ಮಾಡಿದರೂ ದಿನಕ್ಕೆ 60 ಲೀಟರ್ ಮೋರಿ ಸೇರುತ್ತದೆ. ಅದರಲ್ಲಿ 40 ಲೀಟರನ್ನು ಹಿಡಿದುಕೊಂಡರೆ 10 ಲೀಟರಿನ ನಾಲ್ಕು ಬಿಂದಿಗೆಗಳಾದುವು. ದಿನಕ್ಕೆ ನಾಲ್ಕು ಗಿಡಗಳಂತೆ, ನಾಲ್ಕು ದಿನದ ಸರದಿಯಲ್ಲಿ 16 ಗಿಡಗಳಿಗೆ ಆಯಿತು. ನಗರದ ಸಾಧಾರಣ ಮನೆಯೊಂದರಲ್ಲಿ ಅವಶ್ಯವಾಗಿ ಉಳಿಸಬೇಕಾದ ಗಿಡಗಳು ಇದಕ್ಕಿಂತ ಹೆಚ್ಚಿರಲಾರವು. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಇದಕ್ಕೆ ಸೇರಿದರೆ ಲಾಭವೇ.

ಆದರೆ ಕೆಲವು ಎಚ್ಚರಿಕೆಗಳು ಅವಶ್ಯಕ. ಬಟ್ಟೆಯ ಸೋಪಿನ ಪುಡಿಯಲ್ಲಿ ಸೋಡಿಯಂ ಲವಣಗಳು ಹೆಚ್ಚಾಗಿರುತ್ತವೆ. ಅವು ಜೇಡಿಮಣ್ಣನ್ನು ಕೆಡಿಸಿ ಗಟ್ಟಿಗೊಳಿಸುವುದರಿಂದ, ಮೊದಲ ಸೋಪಿನ ನೀರನ್ನು ಬಿಟ್ಟು ಕೊನೆಯ ಜಾಲಿಸಿದ ನೀರನ್ನು ಮಾತ್ರ ಬಳಸಬೇಕು. ಅದನ್ನೂ ಒಂದೇ ಗಿಡಕ್ಕೆ ಬಿಡದೆ ಹಾಕಕೂಡದು. ಚಲುವೆಪುಡಿ ಬೆರೆತ ನೀರು ಸರ್ವಥಾ ಬೇಡ. ನೀರು ಶುದ್ಧಿಮಾಡುವ ಯಂತ್ರದಿಂದ ಹೊರಬೀಳುವ ನೀರಿನಲ್ಲಿಯೂ ಲವಣಾಂಶ ಹೆಚ್ಚು. ಬೇರೆ ನೀರಿನೊಡನೆ ಬೆರೆಸಿ ಹಾಕಬೇಕು. ಬಳಸಿದ ನೀರನ್ನು ಒಂದು ದಿನಕ್ಕಿಂತ ಹೆಚ್ಚು ಕೂಡಿಡಬಾರದು. ಅದನ್ನು ನೆಲಕ್ಕೆ ಎರೆಯಬೇಕೇ ಹೊರತು ಎಲೆಗಳ ಮೇಲಲ್ಲ. ಹಸಿಯಾಗಿ ತಿನ್ನುವ ಸೊಪ್ಪಿಗಂತೂ ಕೂಡದು.

ಕುಂಡಗಳಲ್ಲಿರುವ ಗಿಡಗಳ ಪಾಡು ನೆಲದ ಗಿಡಗಳಿಗಿಂತ ಕಠಿಣ. ಅವುಗಳನ್ನು ತಾರಸಿಯಿಂದ ಇಳಿಸಿ ಪೂರ್ವದಿಕ್ಕಿನ ನೆರಳಿನಲ್ಲಿ ಗುಂಪಾಗಿ, ಒಂದಕ್ಕೊಂದು ತಾಗುವಂತೆ ಇರಿಸಬೇಕು. ಪೂರ್ತಿ ಒಣಗಿದ ಕುಂಡದ ಮಣ್ಣು ನೀರನ್ನು ಹೀರುವುದಿಲ್ಲ. ಸುರಿದದ್ದೆಲ್ಲ ಅಂಚಿನಿಂದ ಕೆಳಕ್ಕೆ ಹರಿದುಹೋಗುತ್ತದೆ. ಅಂಥ ಕುಂಡವನ್ನು ನೀರಿನ ತೊಟ್ಟಿಯಲ್ಲಿ ಅರ್ಧ ಘಂಟೆ ಇರಿಸಿ ತೆಗೆಯಬೇಕು.

ದಯೆಯಿಂದ ಮಾಡುವ ಕೆಲವು ಉಪಚಾರಗಳು ಬರದಲ್ಲಿ ಅಪಕಾರವಾಗುತ್ತವೆ. ಗಿಡ ಸೊರಗಿತೆಂದು ಗೊಬ್ಬರ ಹಾಕಬಾರದು. ಗೊಬ್ಬರದಿಂದ ಎಳೆಯ ಎಲೆಗಳು ಹೊರಟು ಮತ್ತಷ್ಟು ನೀರನ್ನು ಬೇಡುತ್ತವೆ. ಒಣನೆಲದಲ್ಲಿ ರಾಸಾಯನಿಕ ಗೊಬ್ಬರದ ಉಪ್ಪು ಬೇರಿಗೆ ನೀರು ದೊರಕದಂತೆ ಮಾಡುತ್ತದೆ. ಬಲವಾಗಿ ಸವರುವುದೂ ಬೇಡ. ಎಳೆಯ ನಿಂಬೆಯ ಗಿಡ ಹೀಚು ಕಟ್ಟಿದರೆ ಆಸೆಪಡದೆ ಕಿತ್ತುಹಾಕುವುದು ಮೇಲು. ಮಧ್ಯಾಹ್ನ ಎಲೆ ಬಾಡಿದೊಡನೆ ನೀರಿಗೆ ಓಡಬೇಕಾಗಿಲ್ಲ. ಮಾರನೆಯ ಬೆಳಗ್ಗೆ ಎಲೆ ನೆಟ್ಟಗಾಗದೆ ಹಾಗೆಯೇ ಇದ್ದರೆ ಮಾತ್ರ ಅದು ನಿಜವಾದ ಬಾಯಾರಿಕೆ.

ಬರ ಎಂದಾದರೂ ಮುಗಿಯುತ್ತದೆ. ಮಳೆ ಬಂದೊಡನೆ ಮರೆವೂ ಬರುವುದು ಮನುಷ್ಯಸ್ವಭಾವ. 100 ಚದರ ಮೀಟರ್ ಮಾಳಿಗೆಯ ಮೇಲೆ 25 ಮಿಲಿಮೀಟರಿನ ಒಂದು ಮಳೆ ಬಿದ್ದರೆ 2500 ಲೀಟರಾಗುತ್ತದೆ. ಅಲ್ಪಸ್ವಲ್ಪ ನಷ್ಟವಾದರೂ 2000 ಲೀಟರನ್ನು ತೊಟ್ಟಿಗೋ ಇಂಗುಗುಂಡಿಗೋ ಇಳಿಸಬಹುದು. ಮುಂದಿನ ಬರದ ಸಿದ್ಧತೆ ಆ ದಿನವೇ ಆರಂಭವಾಗಬೇಕು.

ಕೊನೆಯದಾಗಿ ಒಂದು ವಿಜ್ಞಾಪನೆ. ತಮ್ಮ ಮನೆಯ ಮುಂದಿನ ರಸ್ತೆಯ ಅಂಚಿನಲ್ಲಿ ಯಾರೋ ನೆಟ್ಟುಹೋದ ಸಸಿಯೊಂದು ಇರಬಹುದು. ಅದು ಯಾರ ತೋಟಕ್ಕೂ ಸೇರಿದ್ದಲ್ಲ. ಆದುದರಿಂದ ಬರದಲ್ಲಿ ಮೊದಲು ಸಾಯುವುದು ಅದೇ. ನಾಲ್ಕು ದಿನದ ಸರದಿಯಲ್ಲಿ ಅದನ್ನು ಹದಿನೇಳನೆಯ ಗಿಡವಾಗಿ ಸೇರಿಸಿಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ. ಅದರ ನೆರಳು ಮುಂದೆ ಎಲ್ಲರಿಗೂ ಸೇರುತ್ತದೆ.