ಎಪ್ಪತ್ತನೇ ಕಿಲೋಮೀಟರಿನ ಅಂಕಿ

ಸಂಘದವರು ನನಗೆ ಕೊಟ್ಟಿರುವ ವಿಷಯ ‘ತಂತ್ರಜ್ಞಾನ, ವಿಜ್ಞಾನ ಮತ್ತು ಸಾರ್ವಜನಿಕ ನೀತಿ’. ಕೃತಕ ಬುದ್ಧಿಮತ್ತೆ, ಡ್ರೋನ್, ರಾಕೆಟ್ಟು ಇವುಗಳ ಬಗ್ಗೆ ಏನಾದರೂ ಹೇಳುತ್ತಾನೆ ಅಂತ ಬಂದಿರುವ ಕಾಲೇಜಿನ ಹುಡುಗ ಹುಡುಗಿಯರು ಕ್ಷಮಿಸಬೇಕು. ಅವುಗಳ ಹುಚ್ಚು ನನಗೂ ಇದೆ, ಬಿಡಿ. ಆದರೆ ತುಮಕೂರಿನಲ್ಲಿ ನಿಂತುಕೊಂಡು ಈ ಮೂರು ಮಾತನ್ನೂ ಒಟ್ಟಿಗೆ ಹೇಳಬೇಕೆಂದರೆ ಹೇಮಾವತಿ ನಾಲೆಯನ್ನು ಬಿಟ್ಟು ಬೇರೆ ಕಡೆಗೆ ಹೋಗುವುದು ನನಗೆ ಸರಿ ಅನ್ನಿಸಲಿಲ್ಲ. ಸಭೆಯಲ್ಲಿ ಗುಬ್ಬಿಯವರೂ ಇದ್ದೀರಿ, ಕುಣಿಗಲಿನವರೂ ಇದ್ದೀರಿ. ದಯವಿಟ್ಟು ಮಾತು ಮುಗಿಯುವವರೆಗೆ ಕೂತಿರಿ.

ವಿಷಯ ನಿಮಗೆಲ್ಲ ಗೊತ್ತಿರುವುದೇ. ಗೊರೂರಿನಲ್ಲಿ ಹೇಮಾವತಿಯ ಅಣೆಕಟ್ಟು ಮುಗಿದದ್ದು 1979ರಲ್ಲಿ. ಜಲಾಶಯದ ಸಾಮರ್ಥ್ಯ 37 ಟಿಎಂಸಿ ಚಿಲ್ಲರೆ. ಎಡದಂಡೆಯ ನೀರು ಬಾಗೂರು-ನವಿಲೆ ಸುರಂಗ ದಾಟಿ ನಮ್ಮ ಕಡೆಗೆ ತಿರುಗುತ್ತದೆ. ತಿಪಟೂರು, ತುರುವೇಕೆರೆ, ಗುಬ್ಬಿ, ತುಮಕೂರು ಎಲ್ಲ ಸುತ್ತಿ ಕುಣಿಗಲ್ ಕಡೆಗೆ ಹೋಗುವ ತುಮಕೂರು ಶಾಖಾ ನಾಲೆ ಇದು. ಜಿಲ್ಲೆಯ ಪಾಲು 24 ಟಿಎಂಸಿ ಚಿಲ್ಲರೆ ಅಂತ ಕಾಗದದಲ್ಲಿದೆ. ಕುಣಿಗಲಿನವರು ಹೇಳುವುದು: ನಮ್ಮ ಪಾಲಿಗೆ ಮೂರು ಟಿಎಂಸಿ ಅಂತ ಬರೆದಿದ್ದಾರೆ, ನಾಲೆಯ ಕೊನೆಯಲ್ಲಿರುವ ನಮಗೆ ಅದು ಬಂದು ಮುಟ್ಟುವುದೇ ಇಲ್ಲ. ಇದಕ್ಕೆ ಪರಿಹಾರ ಅಂತ ಬಂದದ್ದು ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್. ನಾಲೆಯ 70ನೇ ಕಿಲೋಮೀಟರಿನ ಹತ್ತಿರ, ಗುಬ್ಬಿ ತಾಲೂಕಿನಲ್ಲೇ, ಬಾಯಿ ತೆರೆದು ಸುಮಾರು 35 ಕಿ.ಮೀ. ದೂರ ದೊಡ್ಡ ಕೊಳವೆಯಲ್ಲಿ ನೀರನ್ನು ನೇರವಾಗಿ ಕುಣಿಗಲ್ ದಿಕ್ಕಿಗೆ ಒಯ್ಯುವ ಯೋಜನೆ. ಖರ್ಚು ಸಾವಿರ ಕೋಟಿಯ ಆಸುಪಾಸು.

ಗುಬ್ಬಿಯವರು ಕೇಳುವುದು ಬೇರೆ. 70ರಲ್ಲೇ ನೀರು ಪೈಪಿಗೆ ಇಳಿದುಬಿಟ್ಟರೆ 71ನೇ ಕಿಲೋಮೀಟರಿನಿಂದ ಆಚೆಗೆ ಏನು ಉಳಿಯುತ್ತದೆ? ಪೈಪು ಕುಣಿಗಲಿನಲ್ಲೇ ನಿಲ್ಲುತ್ತದೋ ಜಿಲ್ಲೆಯಾಚೆಯ ಮಾಗಡಿಗೂ ಹೋಗುತ್ತದೋ? 2025ರ ಮೇ 31ರಂದು ಈ ಕಾಮಗಾರಿಯನ್ನು ವಿರೋಧಿಸಿ ಗುಬ್ಬಿ ತಾಲೂಕಿನ ಸುಂಕಾಪುರದ ಬಳಿ ರೈತರು, ಮಠಾಧೀಶರು, ರಾಜಕಾರಣಿಗಳು ಎಲ್ಲ ಸೇರಿದರು. ನಿಷೇಧಾಜ್ಞೆ, ಪೊಲೀಸರು, ಅಗೆದ ಗುಂಡಿಗೆ ಮತ್ತೆ ಮಣ್ಣು. ಅದನ್ನೆಲ್ಲ ನೀವು ಟಿವಿಯಲ್ಲಿ ನೋಡಿದ್ದೀರಿ. ಕೆಲವರು ಅಲ್ಲೇ ಇದ್ದಿರಿ ಕೂಡ.

ಯಾರದು ಸರಿ ಅಂತ ತೀರ್ಪು ಕೊಡಲು ನಾನು ಬಂದಿಲ್ಲ. ನನ್ನನ್ನು ಕಾಡಿದ್ದು ಬೇರೆ. ಎರಡೂ ಕಡೆಯ ವಾದ ನಿಂತಿರುವುದು ಅಂಕಿಗಳ ಮೇಲೆ. ‘ಇಷ್ಟು ಬರಬೇಕು, ಇಷ್ಟೂ ಬರುತ್ತಿಲ್ಲ’, ‘ಇಷ್ಟು ಹೋದರೆ ಇಷ್ಟೇ ಉಳಿಯುತ್ತದೆ’. ಆದರೆ ಎರಡೂ ತಾಲೂಕಿನವರು ‘ಹೌದು, ಇದು ನಿಜ’ ಅಂತ ಒಪ್ಪುವ ಒಂದೇ ಒಂದು ಅಂಕಿ ಇಲ್ಲ. ಇಲಾಖೆಯಲ್ಲಿ ಅಳತೆಯೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ನಾಲೆಯ ಗೋಡೆಗೆ ಬರೆದ ಗೇಜು ಇದೆ, ರಿಜಿಸ್ಟರ್ ಇದೆ. ಅದು ಇಲಾಖೆಯ ಅಂಕಿ. ಜಗಳ ಬಿದ್ದಾಗ ಇಲಾಖೆಯೂ ಒಂದು ಪಕ್ಷ ಅಂತ ಜನ ನೋಡುತ್ತಾರೆ.

ಈಗ ಸ್ವಲ್ಪ ಮೇಲೆ ಹೋಗೋಣ. ಇದೇ ಹೇಮಾವತಿ ಕಾವೇರಿಗೆ ಸೇರುವ ನದಿ. ಕಾವೇರಿ ಅಂದಮೇಲೆ ಕರ್ನಾಟಕ, ತಮಿಳುನಾಡು ಜಗಳ. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಅಂತಿಮ ತೀರ್ಪು ಕೊಟ್ಟಿತು. ವರ್ಷಕ್ಕೆ 177.25 ಟಿಎಂಸಿ ನೀರು ಬಿಳಿಗುಂಡ್ಲು ದಾಟಿ ಹೋಗಬೇಕು. ಅಲ್ಲಿ ಕೇಂದ್ರ ಜಲ ಆಯೋಗದ ಅಳತೆ ಕೇಂದ್ರವಿದೆ. ಬಂದ್ ಆಗಿದೆ, ಬಸ್ಸಿಗೆ ಬೆಂಕಿ ಬಿದ್ದಿದೆ, ಎರಡೂ ರಾಜ್ಯದ ವಕೀಲರು ವರ್ಷಗಟ್ಟಲೆ ವಾದ ಮಾಡಿದ್ದಾರೆ. ಆದರೂ ನಿನ್ನೆ ಬಿಳಿಗುಂಡ್ಲುವಿನಲ್ಲಿ ಎಷ್ಟು ಕ್ಯೂಸೆಕ್ ಹರಿಯಿತು ಅಂದರೆ ಎರಡೂ ಕಡೆಯವರು ಅದೇ ಕೇಂದ್ರದ ಅಂಕಿಯನ್ನೇ ಹಿಡಿದು ಮಾತಾಡುತ್ತಾರೆ. ಮಳೆ ಕಮ್ಮಿ ಆಯಿತು, ಬೆಳೆ ಒಣಗಿತು, ಕೊಡಕ್ಕಾಗಲ್ಲ, ಕೊಡಲೇಬೇಕು, ಎಲ್ಲಾ ವಾದವೂ ಆ ಅಂಕಿ ಆದಮೇಲೆ. ಬೇರೆ ಬೇರೆ ಭಾಷೆಯ ಎರಡು ರಾಜ್ಯಗಳ ನಡುವೆ ಇರುವ ಈ ಅನುಕೂಲ ಒಂದೇ ಜಿಲ್ಲೆಯ ಎರಡು ತಾಲೂಕುಗಳ ನಡುವೆ ಇಲ್ಲ.

ಆಕಾಶವನ್ನು ಕೂಡ ನಾವು ಅಳೆಯುತ್ತೇವೆ. ಕರ್ನಾಟಕ 1988ರಲ್ಲೇ ಬರ ನಿಗಾ ಘಟಕ ಮಾಡಿತು. ಅದೇ ಬೆಳೆದು ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಆಗಿದೆ. ಗ್ರಾಮ ಪಂಚಾಯಿತಿಗೊಂದರಂತೆ ಸೌರಶಕ್ತಿಯ ಮಳೆಮಾಪಕ ನಿಲ್ಲಿಸಿದ್ದಾರೆ. ನಿಮ್ಮ ಪಂಚಾಯಿತಿ ಕಚೇರಿಯ ಹತ್ತಿರ ಬೇಲಿ ಹಾಕಿದ ಒಂದು ಕಂಬ, ಮೇಲೊಂದು ಸಣ್ಣ ಫಲಕ ಕಂಡಿದ್ದರೆ ಅದೇ. ಹದಿನೈದು ನಿಮಿಷಕ್ಕೊಮ್ಮೆ ಅದು ತಾನಾಗಿ ಬೆಂಗಳೂರಿಗೆ ಲೆಕ್ಕ ಕಳಿಸುತ್ತದೆ. ಇಡೀ ದೇಶಕ್ಕೆ ಮಾದರಿಯಾದ ಕೆಲಸ, ನಮ್ಮವರೇ ಮಾಡಿದ್ದು, ಅದಕ್ಕೆ ಸಿಗಬೇಕಾದಷ್ಟು ಹೊಗಳಿಕೆ ಸಿಕ್ಕಿಲ್ಲ. ಇತ್ತ ಗೊರೂರಿನ ಒಳಹರಿವು, ಹೊರಹರಿವು ಮಳೆಗಾಲದಲ್ಲಿ ದಿನಾ ಪತ್ರಿಕೆಯಲ್ಲಿ ಬರುತ್ತದೆ. ಮೋಡದಿಂದ ಬಿದ್ದದ್ದು ಗೊತ್ತು, ಅಣೆಕಟ್ಟಿನಿಂದ ಬಿಟ್ಟದ್ದು ಗೊತ್ತು. ಮಧ್ಯೆ ನಾಲೆಯಲ್ಲಿ ಏನಾಯಿತು ಅನ್ನುವಾಗ ಮಾತ್ರ ನಾವೆಲ್ಲ ‘ಅಂತೆ ಕಂತೆ’ಗೆ ಬರುತ್ತೇವೆ.

ಅಳೆಯುವುದು ಅಂಥ ಬ್ರಹ್ಮವಿದ್ಯೆಯೂ ಅಲ್ಲ. ನಾಲೆಯಲ್ಲಿ ನೀರು ಎಷ್ಟು ಅಗಲ, ಎಷ್ಟು ಆಳ, ಎಷ್ಟು ವೇಗ, ಈ ಮೂರು ಗೊತ್ತಾದರೆ ಸಾಕು. ಒಂದು ನೇರವಾದ ಜಾಗ ನೋಡಿ, ಐವತ್ತು ಮೀಟರ್ ಅಳೆದು ಎರಡು ಕಡೆ ಗುರುತು ಹಾಕಿ, ಸೇತುವೆಯ ಮೇಲಿಂದ ಸಿಪ್ಪೆ ಸುಲಿಯದ ತೆಂಗಿನಕಾಯಿ ಬಿಡಿ. ನಮ್ಮ ಸೀಮೆಯಲ್ಲಿ ಅದಕ್ಕೇನೂ ಬರವಿಲ್ಲವಲ್ಲ. ಹುಲ್ಲುಕಡ್ಡಿ, ಎಲೆ ಬಿಟ್ಟರೆ ಗಾಳಿಗೆ ಸಿಕ್ಕಿಕೊಳ್ಳುತ್ತದೆ. ಕಾಯಿ ಅರ್ಧಕ್ಕಿಂತ ಹೆಚ್ಚು ಮುಳುಗಿಕೊಂಡು ತೇಲುವುದರಿಂದ ನೀರಿನ ಜೊತೆಗೇ ಹೋಗುತ್ತದೆ. ಐವತ್ತು ಸೆಕೆಂಡಿನಲ್ಲಿ ಮುಟ್ಟಿತು ಅನ್ನಿ, ಮೇಲ್ಮೈ ವೇಗ ಸೆಕೆಂಡಿಗೆ ಒಂದು ಮೀಟರ್. ತಳ ಮತ್ತು ಗೋಡೆಯ ಹತ್ತಿರ ನೀರು ನಿಧಾನ, ಆದ್ದರಿಂದ 0.85ರಿಂದ ಗುಣಿಸಬೇಕು. ನೀರಿನ ಸರಾಸರಿ ಅಗಲ ಹತ್ತು ಮೀಟರ್, ಆಳ ಎರಡು ಮೀಟರ್ ಇದ್ದರೆ ಸೆಕೆಂಡಿಗೆ 17 ಘನ ಮೀಟರ್ ಆಯಿತು. ಅಂದರೆ ಸುಮಾರು 600 ಕ್ಯೂಸೆಕ್, ಸೆಕೆಂಡಿಗೆ 600 ಘನ ಅಡಿ.

ಇನ್ನೂ ಮುಂದೆ ಹೋಗೋಣ. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. 600 ಕ್ಯೂಸೆಕ್ ಹಗಲೂ ರಾತ್ರಿ ಒಂದೇ ಸಮನೆ ಹರಿದರೆ ಒಂದು ಟಿಎಂಸಿ ಆಗುವುದಕ್ಕೆ 19 ದಿನ ಬೇಕು. ಮೂರು ಟಿಎಂಸಿಗೆ 58 ದಿನ. ದಾರಿಯಲ್ಲಿ ಇಂಗುವುದು, ಆವಿಯಾಗುವುದು, ನಾಲೆಗೆ ಮೋಟಾರ್ ಇಳಿಸಿ ಎತ್ತುವುದು, ಇದೆಲ್ಲ ಲೆಕ್ಕಕ್ಕೆ ಹಿಡಿಯದೆ. ಈ ಗುಣಾಕಾರವನ್ನು ಹತ್ತನೇ ತರಗತಿಯ ಹುಡುಗಿ ಮಾಡುತ್ತಾಳೆ. ‘ನಮ್ಮ ನಾಲೆಯಲ್ಲಿ ನೀರು ಎಷ್ಟು ದಿನ ಹರಿಯಿತು, ಎಷ್ಟು ಆಳ ಹರಿಯಿತು’ ಅಂತ ಊರಿನವರಿಗೆ ಖಚಿತವಾಗಿ ಗೊತ್ತಿದ್ದರೆ ಯಾವ ವೇದಿಕೆಯ ಮೇಲೆ ಯಾರು ಎಷ್ಟು ಟಿಎಂಸಿ ಬಾಯಲ್ಲಿ ಹರಿಸಿದರೂ ಕೂತಲ್ಲೇ ತಾಳೆ ನೋಡಬಹುದು. ಮೋಟಾರಿನ ವಿಷಯಕ್ಕೆ 2024ರಲ್ಲಿ ನೀರಾವರಿ ಕಾಯಿದೆಗೆ ತಿದ್ದುಪಡಿ ತಂದು ಶಿಕ್ಷೆ ಜಾಸ್ತಿ ಮಾಡಿದರು. ಮಾಡಲಿ. ಎಲ್ಲಿಂದ ಎಲ್ಲಿಗೆ ಎಷ್ಟು ಕಮ್ಮಿಯಾಯಿತು ಅಂತ ಗೊತ್ತಿಲ್ಲದೆ ಯಾರ ಮನೆ ಬಾಗಿಲಿಗೆ ಹೋಗುತ್ತೀರಿ?

ತೆಂಗಿನಕಾಯಿ ಶಾಲೆಯ ಮಕ್ಕಳಿಗಾಯಿತು. ದಿನನಿತ್ಯಕ್ಕೆ ರೇಡಾರ್ ಮಾಪಕಗಳು ಬಂದಿವೆ, ನೀರನ್ನು ಮುಟ್ಟದೆ ಮೇಲಿಂದಲೇ ಮಟ್ಟವನ್ನೂ ವೇಗವನ್ನೂ ಅಳೆಯುತ್ತವೆ. ನಾರಾಯಣಪುರ ಎಡದಂಡೆ ನಾಲೆಯಲ್ಲಿ ಸ್ಕಾಡಾ ವ್ಯವಸ್ಥೆಯಿಂದ ಗೇಟುಗಳನ್ನು ದೂರದಿಂದಲೇ ನಿಯಂತ್ರಿಸುತ್ತಾರೆ. ಆ ನಾಲೆಯ ಆಧುನೀಕರಣವನ್ನು 2023ರ ಜನವರಿಯಲ್ಲಿ ಯಾದಗಿರಿಯ ಕೊಡೇಕಲ್‌ನಲ್ಲಿ ಪ್ರಧಾನಿ ಉದ್ಘಾಟಿಸಿದರು. ಅಲ್ಲಿ ಆಗಿದ್ದು ಇಲ್ಲಿ ಆಗಬಾರದು ಅಂತೇನಿಲ್ಲ. ಅಷ್ಟೇಕೆ, ಗುಬ್ಬಿಯ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಜೋಡಿಸುವ ಕಾರ್ಖಾನೆ ಇದೆ, ಅದೂ ಅದೇ ವರ್ಷದ ಫೆಬ್ರವರಿಯಲ್ಲಿ ಲೋಕಾರ್ಪಣೆ ಆಯಿತು. ಹೆಲಿಕಾಪ್ಟರ್ ಎಷ್ಟು ಎತ್ತರದಲ್ಲಿದೆ ಅಂತ ಅಳೆಯುವ ವಿದ್ಯೆಗೂ ನೀರಿನ ಮಟ್ಟ ಅಳೆಯುವ ವಿದ್ಯೆಗೂ ಮೂಲದಲ್ಲಿ ಅಷ್ಟೇನೂ ದೂರವಿಲ್ಲ.

ಹಾಗಾದರೆ ಯಂತ್ರ ತಂದು ಹಾಕಿದರೆ ಮುಗಿಯಿತೇ ಅಂದರೆ, ಇಲ್ಲ. ಇಲ್ಲಿ ನಾನು ನಿಮ್ಮನ್ನು ಮಾರ್ಕೋನಹಳ್ಳಿಗೆ ಕರೆದುಕೊಂಡು ಹೋಗಬೇಕು.

ಕುಣಿಗಲ್ ತಾಲೂಕಿನಲ್ಲಿ ಶಿಂಷಾ ನದಿಗೆ ಅಡ್ಡಲಾಗಿ ಕಟ್ಟಿದ ಜಲಾಶಯ ಅದು. ಶಿಂಷೆ ನಮ್ಮ ದೇವರಾಯನದುರ್ಗದ ಕಡೆಯವಳೇ. ಗುಬ್ಬಿಯ ಕಡಬ ಕೆರೆಯನ್ನು ಹಾದು ಕುಣಿಗಲ್ ಸೀಮೆಗೆ ಬರುತ್ತಾಳೆ. ನಾಲೆಗೆ ಮುಂಚೆಯೇ ಗುಬ್ಬಿಯ ನೀರು ಕುಣಿಗಲಿಗೆ ಹೋಗುತ್ತಿತ್ತು ಅನ್ನುವುದನ್ನು ಯಾರೂ ಯಾಕೋ ನೆನೆಸಿಕೊಳ್ಳುವುದಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಆ ಅಣೆಕಟ್ಟಿನಲ್ಲಿ ತಾನಾಗಿ ಕೆಲಸ ಮಾಡುವ ಒಂದು ಜೋಡಿ ಸೈಫನ್ ಇವೆ. ಗೇಟಿಲ್ಲ, ಚಕ್ರ ತಿರುಗಿಸುವವರಿಲ್ಲ, ಕರೆಂಟಿಲ್ಲ. ಜಲಾಶಯದ ನೀರು ನಿಗದಿಯಾದ ಮಟ್ಟ ದಾಟಿ ಸೈಫನ್ನಿನ ಒಳಗಿನ ಅಂಚಿನ ಮೇಲೆ ಹರಿಯಲು ಶುರುವಾದರೆ, ಬೀಳುವ ನೀರು ಒಳಗಿದ್ದ ಗಾಳಿಯನ್ನು ಎಳೆದುಕೊಂಡು ಹೋಗುತ್ತದೆ. ಗಾಳಿ ಖಾಲಿಯಾದದ್ದೇ ತಡ, ಕೊಳವೆ ತುಂಬಿಕೊಂಡು ಪೂರ್ತಿ ರಭಸದಲ್ಲಿ ನೀರನ್ನು ಹೀರಿ ಆಚೆಗೆ ಎಸೆಯುತ್ತದೆ. ಮಟ್ಟ ಇಳಿದು ಗಾಳಿ ಒಳಕ್ಕೆ ನುಗ್ಗಿದ ಕೂಡಲೇ ಥಟ್ಟನೆ ನಿಲ್ಲುತ್ತದೆ. ಮೈಸೂರು ಸಂಸ್ಥಾನದ ಎಂಜಿನಿಯರ್ ಗಣೇಶ್ ಅಯ್ಯರ್ ಹೆಸರಿನ ಒಂದು ಬಗೆಯ ಸೈಫನ್ ಇಂದಿಗೂ ಎಂಜಿನಿಯರಿಂಗ್ ಪಠ್ಯಪುಸ್ತಕಗಳಲ್ಲಿ ಇದೆ.

ನನಗೆ ಈ ಸೈಫನ್ ತುಂಬಾ ಇಷ್ಟ. ಯಾವ ಮಟ್ಟಕ್ಕೆ ನೀರು ಬಿಡಬೇಕು ಅನ್ನುವ ತೀರ್ಮಾನವನ್ನು ಮೊದಲೇ ತೆಗೆದುಕೊಂಡು ಕಲ್ಲಿನಲ್ಲಿ ಕಟ್ಟಿಬಿಟ್ಟಿದ್ದಾರೆ. ಶಾಸಕರು ಫೋನ್ ಮಾಡಿದರೂ ಅದು ಒಂದು ಅಂಗುಲ ಮುಂಚೆ ತೆರೆಯುವುದಿಲ್ಲ. ಎಪ್ಪತ್ತನೇ ಕಿಲೋಮೀಟರಿನ ಜಗಳಕ್ಕೂ ಇದರಲ್ಲೊಂದು ದಾರಿ ಇದೆ. ಪೈಪಿನ ಬಾಯನ್ನು ನಾಲೆಯ ತಳಕ್ಕೆ ಸಮನಾಗಿ ಇಟ್ಟರೆ ನಾಲೆಯಲ್ಲಿ ಮೊಣಕಾಲುದ್ದ ನೀರಿದ್ದರೂ ಅದು ಪೈಪಿಗೆ ಇಳಿಯುತ್ತದೆ, ಗುಬ್ಬಿಯವರ ಭಯ ನಿಜವಾಗುತ್ತದೆ. ಬಾಯಿಯ ಹೊಸ್ತಿಲನ್ನು ಎತ್ತರಿಸಿ ಕಟ್ಟಿದರೆ, ಮುಂದಿನ ನಾಲೆಗೆ ಬೇಕಾದಷ್ಟು ಹರಿದಮೇಲೆ ಉಳಿದದ್ದು ಮಾತ್ರ ಕುಣಿಗಲಿಗೆ. ತೀರಾ ಎತ್ತರಿಸಿದರೆ ಕುಣಿಗಲಿಗೆ ಕೊಳವೆ ಸಿಗುತ್ತದೆ, ನೀರು ಸಿಗುವುದಿಲ್ಲ. ಇಡೀ ಹೋರಾಟದ ಜೀವ ಇರುವುದು ಆ ಹೊಸ್ತಿಲ ಎತ್ತರದಲ್ಲಿ, ಅದೂ ಒಂದೆರಡು ಅಡಿಗಳಲ್ಲಿ. ಆ ಎತ್ತರ ಎಷ್ಟಿರಬೇಕು ಅನ್ನುವುದು ವಿಜ್ಞಾನ ಒಂದೇ ಹೇಳುವ ಮಾತಲ್ಲ. ಯಾರಿಗೆ ಮೊದಲು, ಕುಡಿಯುವುದಕ್ಕೋ ಅಡಿಕೆಗೋ, ಬರಗಾಲದಲ್ಲಿ ಯಾರು ಎಷ್ಟು ಬಿಟ್ಟುಕೊಡಬೇಕು, ಇವು ಜನ ಕೂತು ತೀರ್ಮಾನಿಸುವ ಮಾತು. ತೀರ್ಮಾನ ಆದಮೇಲೆ ಅದನ್ನು ಕಾಂಕ್ರೀಟಿನಲ್ಲಿ ಕಟ್ಟಿ. ಆಮೇಲೆ ಸರ್ಕಾರ ಬದಲಾದರೂ ಹೊಸ್ತಿಲು ಬದಲಾಗದು.

ಆದರೆ ಅದೇ ಮಾರ್ಕೋನಹಳ್ಳಿಯಲ್ಲಿ 2025ರ ಅಕ್ಟೋಬರ್‌ನಲ್ಲಿ ಪ್ರವಾಸ ಬಂದಿದ್ದ ಕುಟುಂಬದವರು ಕೆಳಗೆ ನೀರಿಗಿಳಿದಿದ್ದಾಗ ಏಕಾಏಕಿ ನೀರು ನುಗ್ಗಿ ಕೊಚ್ಚಿಹೋದರು. ಸೈಫನ್ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತದೆ, ಮಾಡುತ್ತೇನೆ ಅಂತ ಮುಂಚೆ ಹೇಳುವುದಿಲ್ಲ. ಹೇಳುವ ಏರ್ಪಾಡು ಮನುಷ್ಯರೇ ಮಾಡಬೇಕು. ಮಟ್ಟ ಅಂಚಿಗೆ ಬಂದಾಗ ಕೂಗುವ ಒಂದು ಸೈರನ್ನು, ಒಂದು ಕೆಂಪು ದೀಪ. ತಾನಾಗಿ ನಡೆಯುವ ಯಾವ ಯಂತ್ರಕ್ಕೂ ಈ ಕೂಗು ಬೇಕು. ನಾಲೆಗೂ ಅಷ್ಟೇ. ಕಂಟ್ರೋಲ್ ರೂಮಿನ ದೊಡ್ಡ ಪರದೆಯಲ್ಲಿ ಬಣ್ಣಬಣ್ಣದ ಗೆರೆ ಓಡುತ್ತಿದ್ದು, ದಂಡೆಯ ಮೇಲೆ ನಿಂತ ರೈತನಿಗೆ ಏನೂ ಕಾಣದಿದ್ದರೆ ಅನುಮಾನ ಇನ್ನೂ ಜಾಸ್ತಿಯಾಗುತ್ತದೆ. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಊರಿನವರಾದ ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಅಂಕಿ ಜನರ ಕೈಯಲ್ಲಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಜಿಲ್ಲೆಯದೇ ಪಾವಗಡ ಇದೆ. ತಿರುಮಣಿಯ ಸುತ್ತ 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್. ಅಲ್ಲಿಗೆ ಹೋದವರು ಫಲಕಗಳ ಫೋಟೊ ತೆಗೆದುಕೊಂಡು ಬರುತ್ತಾರೆ. ನನಗೆ ಬೆರಗಾದದ್ದು ಕರಾರು ಪತ್ರ. ಭೂಮಿಯನ್ನು ಸ್ವಾಧೀನ ಮಾಡಿಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21 ಸಾವಿರದಂತೆ ಗುತ್ತಿಗೆಗೆ ತೆಗೆದುಕೊಂಡರು, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಜಮೀನು ಕೊಟ್ಟ ಪ್ರತಿ ರೈತನಿಗೂ ತನ್ನ ಅಂಕಿ ಗೊತ್ತು. ಜಮೀನಿಲ್ಲದ ಕೂಲಿಯವರಿಗೆ ಆ ಕರಾರಿನಲ್ಲಿ ಯಾವ ಅಂಕಿಯೂ ಇರಲಿಲ್ಲ, ಅವರ ಕೆಲಸ ಹೋಯಿತು. ಎರಡೂ ನಿಜ.

ನನ್ನ ಬೇಡಿಕೆ ಸಣ್ಣದು. 70ನೇ ಕಿಲೋಮೀಟರಿನಲ್ಲಿ ಒಂದು, ನಮ್ಮ ನಗರಕ್ಕೆ ಕುಡಿಯುವ ನೀರು ಕೊಡುವ ಬುಗುಡನಹಳ್ಳಿ ಕೆರೆಯ ಒಳಹರಿವಿಗೆ ಒಂದು, ಕುಣಿಗಲ್ ದೊಡ್ಡಕೆರೆಯ ಬಾಯಲ್ಲಿ ಒಂದು, ಹೀಗೆ ಮೂರು ಮಾಪಕ ಹಾಕಿ. ಪ್ರತಿಯೊಂದರ ಪಕ್ಕದಲ್ಲಿ ಬಸ್ಸಿನಿಂದ ಓದುವಷ್ಟು ದೊಡ್ಡ ಕನ್ನಡದ ಫಲಕ: ಈಗ ಎಷ್ಟು, ಈ ವರ್ಷ ಇಲ್ಲಿಯವರೆಗೆ ಎಷ್ಟು. ಯಂತ್ರ ಸರಿಯಿದೆಯೇ ಅಂತ ಆಗಾಗ ಪರೀಕ್ಷಿಸುವ ಸಮಿತಿಯಲ್ಲಿ ಎರಡೂ ತಾಲೂಕಿನ ರೈತರು, ಇಲ್ಲಿನ ಎಂಜಿನಿಯರಿಂಗ್ ಕಾಲೇಜಿನವರು ಇರಲಿ. ಸಾವಿರ ಕೋಟಿಯ ಕಾಮಗಾರಿಯ ಮುಂದೆ ಇದರ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ಒಂದೆರಡು ವರ್ಷ ಆ ಅಂಕಿ ನೋಡಿ, ಆಮೇಲೆ ಪೈಪಿನ ಮಾತು ಮುಂದುವರಿಯಲಿ.

ಅಂಕಿ ಬಂದರೆ ಜಗಳ ನಿಲ್ಲುತ್ತದೆ ಅಂತ ನಾನು ನಂಬಿಲ್ಲ. ಕುಣಿಗಲಿನವರು ಹೇಳುವುದು ನಿಜ ಅಂತ ಫಲಕ ತೋರಿಸಿದರೆ ಗುಬ್ಬಿಯವರು ಬಿಟ್ಟುಕೊಡಬೇಕಾಗುತ್ತದೆ. ಸುಳ್ಳು ಅಂತ ತೋರಿಸಿದರೆ ಕುಣಿಗಲಿನ ಮುಖಂಡರು ತಮ್ಮ ಊರಿನಲ್ಲೇ ಉತ್ತರ ಹೇಳಬೇಕಾಗುತ್ತದೆ. ಇಬ್ಬರಿಗೂ ಅನುಕೂಲವಲ್ಲದ ಮೂರನೇ ಸಂಗತಿ, ಅಂದರೆ ಮೇಲಿನಿಂದಲೇ ನಮಗೆಲ್ಲ ಬರಬೇಕಾದ್ದು ಬರುತ್ತಿಲ್ಲ ಅನ್ನುವುದು ಗೊತ್ತಾದರೂ ಆಗಬಹುದು. ಆಗ ಎರಡೂ ತಾಲೂಕಿನವರು ಒಂದೇ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಬೇಕಾಗುತ್ತದೆ.

ಹಿಂದಿನ ಸಾಲಿನಲ್ಲಿ ಆಗಲೇ ನಾಲ್ಕೈದು ಕೈ ಮೇಲೆದ್ದಿವೆ. ಮೈಕು ಮೊದಲು ಕುಣಿಗಲಿನವರಿಗೆ ಕೊಡಿ, ಅವರು ಬಸ್ ಹಿಡಿಯಬೇಕು.