ಅಂಜೂರ ಹೆಸರು ಕೊಟ್ಟ ಖಾದ್ಯ

ಇವತ್ತು ಫ್ರಾನ್ಸಿನ ಊಟದ ಮೇಜಿನತ್ತ ಹೋಗೋಣ ಬನ್ನಿ. ಕ್ರಿಸ್‌ಮಸ್ ಬಂತೆಂದರೆ ಅಲ್ಲಿನ ಎಷ್ಟೋ ಮನೆಗಳಲ್ಲಿ 'ಫ್ವಾ ಗ್ರಾ' ಇರಲೇಬೇಕು. ಹಾಗೆಂದರೆ ಬಾತುಕೋಳಿಯ ಅಥವಾ ಹೆಬ್ಬಾತಿನ ಕೊಬ್ಬಿದ ಲಿವರ್.

ಹಕ್ಕಿಗೆ ಒತ್ತಾಯದಿಂದ ಉಣಿಸುವ ಚಿತ್ರಗಳು ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ಈಜಿಪ್ಟಿನ ಗೋರಿಗಳಲ್ಲೇ ಇವೆ. ರೋಮನ್ನರು ಹೆಬ್ಬಾತುಗಳಿಗೆ ಅಂಜೂರ ತಿನ್ನಿಸಿದರು. ಲ್ಯಾಟಿನ್‌ನಲ್ಲಿ ಅಂಜೂರಕ್ಕೆ 'ಫೀಕುಸ್'. ಅದರಿಂದ ಹುಟ್ಟಿದ 'ಫಿಕಾಟುಮ್' ಸವೆದು ಸವೆದು ಫ್ರೆಂಚರ 'ಫ್ವಾ' ಆಯಿತು. ಹಣ್ಣಿನ ಹೆಸರೇ ಲಿವರಿನ ಹೆಸರಾಯಿತು ನೋಡಿ!

ತಣ್ಣಗಿನ ಒಂದು ಹೋಳು, ಬಿಸಿ ಮಾಡಿದ ಬ್ರಿಯೋಷ್ ಬ್ರೆಡ್ಡು, ಜೊತೆಗೆ ಸೋಟೆರ್ನ್ ಎಂಬ ಸಿಹಿ ವೈನ್. ಬಾಯಲ್ಲಿಟ್ಟರೆ ಬೆಣ್ಣೆಯಂತೆ ಕರಗುತ್ತದೆ ಎನ್ನುತ್ತಾರೆ ತಿಂದವರು.

ಆದರೆ ಆ ರುಚಿಗಾಗಿ, ಕೊನೆಯ ದಿನಗಳಲ್ಲಿ ಹಕ್ಕಿಯ ಗಂಟಲಿಗೆ ಕೊಳವೆ ಇಳಿಸಿ ಮೆಕ್ಕೆಜೋಳ ತುಂಬುತ್ತಾರೆ. 2006ರಲ್ಲಿ ಫ್ರಾನ್ಸಿನ ಕಾನೂನು ಇದನ್ನು ಸಂರಕ್ಷಿತ ಪರಂಪರೆ ಎಂದಿತು. 2014ರಲ್ಲಿ ನಮ್ಮ ಭಾರತ ಇದರ ಆಮದನ್ನೇ ನಿಷೇಧಿಸಿತು.

ಮುಂದೆಂದಾದರೂ ಪ್ಯಾರಿಸ್‌ನಲ್ಲಿ ಈ ತಟ್ಟೆ ನಿಮ್ಮ ಮುಂದೆ ಬಂದರೆ ಅಂಜೂರದ ಕಥೆಯೂ ನೆನಪಿರಲಿ, ಕೊಳವೆಯ ಕಥೆಯೂ ನೆನಪಿರಲಿ. ತಿನ್ನುವುದೋ ಬಿಡುವುದೋ, ತೀರ್ಮಾನ ನಿಮ್ಮದು.